ಒಂದು ಅಕ್ಷರದ ಅಂತರ: ವಿದ್ಯಾರ್ಥಿವೇತನದ ಅರ್ಜಿ ಮತ್ತು ನಮ್ಮ ಹೊಣೆಗಾರಿಕೆ

(ಪಟ್ಟಣದ ಜಮಾಅತ್ ಸಭಾಂಗಣದಲ್ಲಿ ಪೋಷಕರು ಮತ್ತು ವಿದ್ಯಾರ್ಥಿಗಳಿಗಾಗಿ ಏರ್ಪಡಿಸಲಾಗಿದ್ದ ಸಭೆಯಲ್ಲಿ ನೀಡಿದ ಭಾಷಣದ ಬರಹ ರೂಪ)





ಶಿಕ್ಷಣದ ಮಹತ್ವವನ್ನು ಸಾರುವ ಅನೇಕ ಭಾಷಣಗಳು ಈ ಸಭಾಂಗಣದಲ್ಲಿ ಆಗಿವೆ. ಇಂದು ನಾವು ಅವನ್ನು ಪುನರಾವರ್ತಿಸಲು ಬಂದಿಲ್ಲ. ಮಗಳನ್ನು ಓದಿಸಬೇಕೇ, ಬೇಡವೇ ಎಂಬ ಚರ್ಚೆ ನಮ್ಮ ಬಹುಪಾಲು ಮನೆಗಳಲ್ಲಿ ಮುಗಿದುಹೋಗಿದೆ. ಓದಿಸಬೇಕೆಂದು ತೀರ್ಮಾನಿಸಿದ ತಂದೆಯ ಮುಂದೆ ಈಗಿರುವ ಪ್ರಶ್ನೆ ಒಂದೇ: ಶುಲ್ಕ ಕಟ್ಟುವುದು ಹೇಗೆ? ಈ ಪ್ರಶ್ನೆಗೆ ಉತ್ತರದ ಒಂದು ಭಾಗ ಸರಕಾರದ ಖಜಾನೆಯಲ್ಲಿದೆ. ಖಜಾನೆಗೂ ನಮ್ಮ ಮನೆಗೂ ನಡುವೆ ಒಂದು ಅರ್ಜಿ ನಮೂನೆ ಇದೆ. ಇಂದು ನಮ್ಮ ಮಾತು ಆ ನಮೂನೆಯ ಕುರಿತು.

ಕೆಲವು ವರ್ಷಗಳಿಂದ ನಾವು ಕೆಲವರು ಸೇರಿ ಮೊಹಲ್ಲಾದ ಮಕ್ಕಳ ಅರ್ಜಿಗಳನ್ನು ತುಂಬಿಸುವ, ತಿದ್ದಿಸುವ ಕೆಲಸವನ್ನು ಮಾಡುತ್ತಾ ಬಂದಿದ್ದೇವೆ. ಈ ಅನುಭವದಿಂದ ನಮಗೆ ಮನವರಿಕೆಯಾದ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇವೆ. ನಮ್ಮ ಬಳಿಗೆ ಬಂದ ತಿರಸ್ಕೃತ ಅರ್ಜಿಗಳಲ್ಲಿ ಅರ್ಹತೆಯಿಲ್ಲದವರ ಅರ್ಜಿಗಳು ಕಡಿಮೆ. ದಾಖಲೆಗಳು ಪರಸ್ಪರ ಹೊಂದಿಕೆಯಾಗದವರ ಅರ್ಜಿಗಳೇ ಹೆಚ್ಚು. ಹಣ ನಿರಾಕರಿಸಲ್ಪಟ್ಟಿರುವುದಿಲ್ಲ, ದಾರಿ ತಪ್ಪಿರುತ್ತದೆ.

ಒಂದು ಉದಾಹರಣೆ ಕೊಡುತ್ತೇವೆ. ಆಟೋ ಚಾಲಕರೊಬ್ಬರ ಮಗಳು ಬಿ.ಎಸ್ಸಿ. ಓದುತ್ತಿದ್ದಳು. ಮೊದಲ ವರ್ಷ ಅರ್ಜಿ ಹಾಕಿದಳು, ಅದು ಮಂಜೂರೂ ಆಯಿತು. ಆದರೆ ಹಣ ಬರಲಿಲ್ಲ. ಕಾಲೇಜಿನಲ್ಲಿ ಕೇಳಿದರೆ ಇಲಾಖೆಯಲ್ಲಿ ಕೇಳಿ ಎಂದರು. ಇಲಾಖೆಯಲ್ಲಿ ಕೇಳಿದರೆ ಹಣ ಸಂದಾಯವಾಗಿದೆ ಎಂದರು. ಬ್ಯಾಂಕಿನಲ್ಲಿ ಕೇಳಿದರೆ ಏನೂ ಬಂದಿಲ್ಲ ಎಂದರು. ಮೂವರೂ ಹೇಳಿದ್ದು ನಿಜವೇ ಆಗಿತ್ತು. ಎರಡನೆಯ ವರ್ಷದ ಶುಲ್ಕಕ್ಕೆ ದಾರಿ ಕಾಣದೆ ಹುಡುಗಿ ಕಾಲೇಜು ಬಿಟ್ಟಳು. ಅದಾದ ನಂತರ ಆ ತಂದೆ ನಮ್ಮ ಬಳಿ ಬಂದರು. ಪರಿಶೀಲಿಸಿದಾಗ ತಿಳಿದುದಿಷ್ಟು: ಹಿಂದೊಮ್ಮೆ ಮೊಬೈಲ್ ಸಿಮ್ ಕೊಳ್ಳುವಾಗ ಆಧಾರ್ ಕೊಟ್ಟು ಬೆರಳೊತ್ತಿದ್ದಳು. ಆಗ ಅವಳ ಹೆಸರಿನಲ್ಲಿ ಒಂದು ಖಾತೆ ತೆರೆಯಲ್ಪಟ್ಟಿತ್ತು. ಅವಳ ಆಧಾರ್ ಸಂಖ್ಯೆ ಆ ಖಾತೆಗೆ ಜೋಡಣೆಯಾಗಿತ್ತು. ವಿದ್ಯಾರ್ಥಿವೇತನ ಅವಳಿಗೆ ಗೊತ್ತೇ ಇಲ್ಲದ ಆ ಖಾತೆಯಲ್ಲಿ ತಿಂಗಳುಗಟ್ಟಲೆ ಬಿದ್ದಿತ್ತು. ಹಣವನ್ನು ಕೊನೆಗೂ ಪಡೆದುಕೊಂಡೆವು. ಕಳೆದುಹೋದ ವರ್ಷವನ್ನು ಪಡೆಯಲಾಗಲಿಲ್ಲ.

ಬಂಧುಗಳೇ, ಈ ಹಣವು ಯಾರ ದಾನವೂ ಅಲ್ಲ. ಸಾಚಾರ್ ಸಮಿತಿಯ ವರದಿ 2006ರ ನವೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂತು. ದೇಶದ ಪ್ರತಿಷ್ಠಿತ ಕಾಲೇಜುಗಳ ಪದವಿ ತರಗತಿಗಳಲ್ಲಿ ಇಪ್ಪತ್ತೈದು ವಿದ್ಯಾರ್ಥಿಗಳಲ್ಲಿ ಒಬ್ಬರು, ಸ್ನಾತಕೋತ್ತರ ತರಗತಿಗಳಲ್ಲಿ ಐವತ್ತರಲ್ಲಿ ಒಬ್ಬರು ಮಾತ್ರ ಮುಸ್ಲಿಮರೆಂದು ಆ ವರದಿ ಹೇಳಿತು. ಅದೇ ಕಾಲಘಟ್ಟದಲ್ಲಿ, 2007-08ರಿಂದ, ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಹಾಗೂ ವೃತ್ತಿಶಿಕ್ಷಣಕ್ಕೆ ಪ್ರತಿಭೆ ಮತ್ತು ಆದಾಯ ಆಧಾರಿತ ವಿದ್ಯಾರ್ಥಿವೇತನಗಳು ಕೇಂದ್ರದಿಂದ ಆರಂಭವಾದವು. ಮೊದಲನೆಯದಕ್ಕೆ ಕುಟುಂಬದ ವಾರ್ಷಿಕ ಆದಾಯದ ಮಿತಿ 2 ಲಕ್ಷ ರೂಪಾಯಿ, ಎರಡನೆಯದಕ್ಕೆ 2.5 ಲಕ್ಷ ರೂಪಾಯಿ ಎಂದು ನಿಗದಿಯಾಗಿತ್ತು. ಹಿಂದಿನ ಪರೀಕ್ಷೆಯಲ್ಲಿ ಶೇ. 50 ಅಂಕ ಕಡ್ಡಾಯವಾಗಿತ್ತು. ಶೇ. 30ರಷ್ಟನ್ನು ಹೆಣ್ಣುಮಕ್ಕಳಿಗೆ ಮೀಸಲಿಡಲಾಗಿತ್ತು.

ನಂತರದ ವರ್ಷಗಳಲ್ಲಿ ಈ ಬಾಗಿಲುಗಳು ಒಂದೊಂದಾಗಿ ಕಿರಿದಾದವು. 2022ರಲ್ಲಿ ಒಂದರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳ ವಿದ್ಯಾರ್ಥಿವೇತನವನ್ನು ಕೇಂದ್ರ ನಿಲ್ಲಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ಫೆಲೋಶಿಪ್ ನಿಂತಿತು. 2023ರ ಆಗಸ್ಟ್‌ನಲ್ಲಿ ಇನ್ನೊಂದು ಕಹಿ ಸುದ್ದಿ ಹೊರಬಂತು. ಪರಿಶೀಲನೆಗೊಳಗಾದ 1,572 ಶಿಕ್ಷಣ ಸಂಸ್ಥೆಗಳಲ್ಲಿ 830 ಸಂಸ್ಥೆಗಳು ವಿದ್ಯಾರ್ಥಿವೇತನದ ವಂಚನೆಯಲ್ಲಿ ತೊಡಗಿವೆಯೆಂದೂ, ಸುಮಾರು 144 ಕೋಟಿ ರೂಪಾಯಿ ನಷ್ಟವಾಗಿದೆಯೆಂದೂ ಕೇಂದ್ರದ ಅಲ್ಪಸಂಖ್ಯಾತರ ವ್ಯವಹಾರಗಳ ಸಚಿವಾಲಯ ತಿಳಿಸಿತು. ತನಿಖೆ ಸಿಬಿಐಗೆ ಹೋಯಿತು. ವಂಚಕರಿಗೆ ಶಿಕ್ಷೆಯಾಗಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ವಂಚಕರನ್ನು ಹಿಡಿಯಲು ಬಿಗಿಗೊಳಿಸಿದ ಬಲೆಯಲ್ಲಿ ಮೊದಲು ಸಿಕ್ಕಿಬೀಳುವವರು ಯಾರು? ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸವಿರುವ ಬಡ ವಿದ್ಯಾರ್ಥಿ. ಈ ಕಾರಣಕ್ಕಾಗಿ ಹಿಂದೆಂದಿಗಿಂತಲೂ ಇಂದು ನಮ್ಮ ದಾಖಲೆಗಳು ನೇರ್ಪಾಗಿರಬೇಕು.

ಈಗ ಅರ್ಜಿಯ ವಿಷಯಕ್ಕೆ ಬರೋಣ. ಕೇಂದ್ರದ ಯೋಜನೆಗಳಿಗೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಇದೆ. ಕರ್ನಾಟಕ ಸರಕಾರದ ಯೋಜನೆಗಳಿಗೆ ಎಸ್‌ಎಸ್‌ಪಿ ಎಂದು ಕರೆಯಲ್ಪಡುವ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಇದೆ. ಇವೆರಡೂ ಬೇರೆ ಬೇರೆ. ಒಂದರಲ್ಲಿ ಹಾಕಿದ ಅರ್ಜಿ ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ. ಯಾವ ವರ್ಷ ಯಾವ ಯೋಜನೆಗೆ ಅರ್ಜಿ ಕರೆಯಲಾಗಿದೆ ಎಂಬುದನ್ನು ಪೋರ್ಟಲಿನಲ್ಲೇ ನೋಡಿ ಖಚಿತಪಡಿಸಿಕೊಳ್ಳಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬರುವ ಹಳೆಯ ಸಂದೇಶವನ್ನು ನಂಬಿ ಕಾಯಬಾರದು.

ಅರ್ಜಿ ಸಲ್ಲಿಸಿದೊಡನೆ ಕೆಲಸ ಮುಗಿಯಿತೆಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಅಲ್ಲಿಂದ ಕೆಲಸ ಆರಂಭವಾಗುತ್ತದೆ. ಅರ್ಜಿ ಮೊದಲು ಕಾಲೇಜಿನ ನೋಡಲ್ ಅಧಿಕಾರಿಯ ಮುಂದೆ ಹೋಗುತ್ತದೆ. ಅವರು ಪರಿಶೀಲಿಸಿ ದೃಢೀಕರಿಸಿದ ಬಳಿಕ ಮೇಲಿನ ಹಂತಕ್ಕೆ ಸಾಗುತ್ತದೆ. ಮಂಜೂರಾದ ಮೇಲೆ ಹಣ ಆಧಾರ್ ಮೂಲಕ ಖಾತೆಗೆ ಜಮೆಯಾಗುತ್ತದೆ. ಈ ಹಾದಿಯಲ್ಲಿ ಎಲ್ಲೆಲ್ಲಿ ಎಡವುತ್ತೇವೆ ಎಂಬುದನ್ನು ಒಂದೊಂದಾಗಿ ಹೇಳುತ್ತೇವೆ.

ಮೊದಲನೆಯದು ಹೆಸರು. ನಮ್ಮ ಹೆಸರುಗಳು ಅರಬಿಯಿಂದ ಉರ್ದುವಿಗೆ, ಉರ್ದುವಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಪ್ರಯಾಣ ಮಾಡುತ್ತವೆ. ಪ್ರತಿಯೊಂದು ನಿಲ್ದಾಣದಲ್ಲೂ ಒಂದಕ್ಷರ ಇಳಿಯುತ್ತದೆ ಅಥವಾ ಹತ್ತುತ್ತದೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮುಹಮ್ಮದ್, ಆಧಾರ್‌ನಲ್ಲಿ ಮೊಹಮ್ಮದ್, ಬ್ಯಾಂಕಿನಲ್ಲಿ ಬರೇ ಎಂ.ಡಿ. ಶೇಖ್, ಶೇಕ್, ಷೇಕ್ ಎಂದು ಒಂದೇ ಮನೆಯಲ್ಲಿ ಮೂರು ಬಗೆ. ತಾಯಿಯ ಹೆಸರಿಗೆ ಒಂದು ಕಡೆ ಬಾನು, ಇನ್ನೊಂದು ಕಡೆ ಬೇಗಮ್. ಮನುಷ್ಯನ ಕಣ್ಣಿಗೆ ಇವೆಲ್ಲ ಒಂದೇ. ಕಂಪ್ಯೂಟರಿಗೆ ಇವರು ಬೇರೆ ಬೇರೆ ವ್ಯಕ್ತಿಗಳು.

ಪರಿಹಾರವೇನು? ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರನ್ನೂ ಜನ್ಮ ದಿನಾಂಕವನ್ನೂ ಮೂಲವೆಂದು ಇಟ್ಟುಕೊಳ್ಳಿ. ಉಳಿದ ದಾಖಲೆಗಳನ್ನು ಅದಕ್ಕೆ ಹೊಂದಿಸಿ. ಆಧಾರ್‌ನಲ್ಲಿ ಹೆಸರನ್ನು ಎರಡು ಬಾರಿ, ಜನ್ಮ ದಿನಾಂಕವನ್ನು ಒಂದು ಬಾರಿ ತಿದ್ದಲು ಸಾಮಾನ್ಯವಾಗಿ ಅವಕಾಶವಿದೆ. ಆದುದರಿಂದ ಅವಸರದಲ್ಲಿ ತಪ್ಪು ತಿದ್ದುಪಡಿ ಮಾಡಿಸಿಕೊಳ್ಳಬೇಡಿ. ಮಗು ಇನ್ನೂ ಒಂಬತ್ತನೆಯ ತರಗತಿಯಲ್ಲಿದ್ದರೆ ನೀವು ಅದೃಷ್ಟವಂತರು. ಅಂಕಪಟ್ಟಿ ಮುದ್ರಣವಾಗುವ ಮೊದಲೇ ಶಾಲೆಗೆ ಹೋಗಿ ಹೆಸರನ್ನು ಸರಿಪಡಿಸಿಕೊಳ್ಳಿ. ಮುದ್ರಣವಾದ ಮೇಲೆ ಅದೇ ಕೆಲಸಕ್ಕೆ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

ಆಧಾರ್ ಬಗ್ಗೆ ಇನ್ನೂ ಒಂದು ಮಾತು. ಮಕ್ಕಳಿಗೆ ಐದು ಮತ್ತು ಹದಿನೈದು ವರ್ಷ ತುಂಬಿದಾಗ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು ಹೊಸದಾಗಿ ಕೊಡುವುದು ಕಡ್ಡಾಯ. ಹಾಗೆಯೇ ತಂದೆ ಬದಲಾಯಿಸಿದ ಹಳೆಯ ಮೊಬೈಲ್ ಸಂಖ್ಯೆಯೇ ಆಧಾರ್‌ನಲ್ಲಿ ಉಳಿದುಕೊಂಡಿದ್ದರೆ, ಅರ್ಜಿಯ ಹೊತ್ತಿನಲ್ಲಿ ಬರಬೇಕಾದ ಒಟಿಪಿ ಬೇರೆ ಯಾರದೋ ಫೋನಿಗೆ ಹೋಗುತ್ತದೆ.

ಎರಡನೆಯದು ಜಾತಿ ಮತ್ತು ಆದಾಯ ಪ್ರಮಾಣಪತ್ರ. ನಾಡಕಚೇರಿಯಿಂದ ದೊರೆಯುವ ಈ ಪತ್ರದ ಮೇಲೆ ಆರ್‌ಡಿ ಅಕ್ಷರಗಳಿಂದ ಆರಂಭವಾಗುವ ಒಂದು ಸಂಖ್ಯೆ ಇರುತ್ತದೆ. ಎಸ್‌ಎಸ್‌ಪಿಯಲ್ಲಿ ಈ ಸಂಖ್ಯೆಯನ್ನು ನಮೂದಿಸಿದೊಡನೆ ಪತ್ರದಲ್ಲಿರುವ ವಿವರ ತಾನಾಗಿ ಮೂಡುತ್ತದೆ. ಆದುದರಿಂದ ಪತ್ರ ವಿದ್ಯಾರ್ಥಿಯ ಹೆಸರಿನಲ್ಲೇ ಇರಬೇಕು, ಹೆಸರು ಅಂಕಪಟ್ಟಿಯಲ್ಲಿರುವಂತೆಯೇ ಇರಬೇಕು. ಪತ್ರದ ಊರ್ಜಿತ ಅವಧಿಯನ್ನು ಅದರಲ್ಲೇ ನೋಡಿಕೊಳ್ಳಿ. ಅವಧಿ ಮೀರಿದ ಪತ್ರವನ್ನು ಹಿಡಿದುಕೊಂಡು ಕೊನೆಯ ದಿನ ಓಡಿಬರುವವರನ್ನು ನಾವು ಪ್ರತಿ ವರ್ಷ ಕಾಣುತ್ತೇವೆ.

ಪ್ರವರ್ಗದ ಗೊಂದಲವೂ ಇದೆ. ರಾಜ್ಯದಲ್ಲಿ ಮುಸ್ಲಿಮರು ಸಾಮಾನ್ಯವಾಗಿ ಪ್ರವರ್ಗ 2ಬಿಯಲ್ಲಿದ್ದಾರೆ. ಆದರೆ ನದಾಫ್, ಪಿಂಜಾರ ಮುಂತಾದ ಕೆಲವು ವೃತ್ತಿ ಸಮುದಾಯಗಳು ಪ್ರವರ್ಗ 1ರಲ್ಲಿವೆ. ತಮ್ಮ ಪ್ರವರ್ಗ ಯಾವುದೆಂದು ತಿಳಿಯದೆ ತಪ್ಪು ಪತ್ರ ಪಡೆದವರಿದ್ದಾರೆ. 2023ರ ಮಾರ್ಚ್‌ನಲ್ಲಿ ಅಂದಿನ ರಾಜ್ಯ ಸರಕಾರ 2ಬಿ ಮೀಸಲಾತಿಯನ್ನು ರದ್ದುಪಡಿಸುವ ಆದೇಶ ಹೊರಡಿಸಿದಾಗ, ಇನ್ನು ಪತ್ರವೇ ಬೇಡವೆಂದು ಸುಮ್ಮನಾದವರೂ ಇದ್ದಾರೆ. ಆ ಆದೇಶ ಸುಪ್ರೀಮ್ ಕೋರ್ಟಿನ ಮೆಟ್ಟಿಲೇರಿ ಜಾರಿಗೆ ಬರದೆ ನಿಂತಿತು. ಸುದ್ದಿಯ ಅರ್ಧ ಭಾಗವನ್ನು ಮಾತ್ರ ಕೇಳಿ ಹಕ್ಕನ್ನು ಬಿಟ್ಟುಕೊಡಬಾರದು.

ಪ್ರಮಾಣಪತ್ರ ತಡವಾದರೆ ಕೈಕಟ್ಟಿ ಕೂರಬೇಕಾಗಿಲ್ಲ. 2011ರ ಸಕಾಲ ಕಾಯ್ದೆಯಡಿ ಇದಕ್ಕೆ ನಿಗದಿತ ಅವಧಿಯಿದೆ. ಅರ್ಜಿ ಕೊಟ್ಟಾಗ ದೊರೆಯುವ ಸ್ವೀಕೃತಿ ಪತ್ರದ ಸಂಖ್ಯೆಯನ್ನು ಕಾಪಾಡಿಟ್ಟುಕೊಳ್ಳಿ. ಅವಧಿ ಮೀರಿದರೆ ಮೇಲ್ಮನವಿ ಸಲ್ಲಿಸುವ ಹಕ್ಕು ನಿಮಗಿದೆ. ಮಧ್ಯವರ್ತಿಯ ಕೈಗೆ ಹಣ ತುರುಕುವ ಮೊದಲು ಈ ಕಾನೂನನ್ನು ನೆನಪಿಸಿಕೊಳ್ಳಿ.

ಮೂರನೆಯದು ಬ್ಯಾಂಕ್ ಖಾತೆ. ಇಲ್ಲಿ ಎರಡು ಪದಗಳ ವ್ಯತ್ಯಾಸವನ್ನು ಅರಿಯಬೇಕು. ಗುರುತಿನ ದಾಖಲೆಯಾಗಿ ಆಧಾರ್ ಪ್ರತಿಯನ್ನು ಬ್ಯಾಂಕಿಗೆ ಕೊಡುವುದು ಬೇರೆ. ಸರಕಾರದ ಹಣ ಯಾವ ಖಾತೆಗೆ ಬರಬೇಕೆಂದು ಆಧಾರ್ ಅನ್ನು ಜೋಡಿಸುವುದು ಬೇರೆ. ಎರಡನೆಯದನ್ನು ಸೀಡಿಂಗ್ ಎನ್ನುತ್ತಾರೆ. ಎನ್‌ಪಿಸಿಐ ಎಂಬ ರಾಷ್ಟ್ರೀಯ ಸಂಸ್ಥೆಯ ಪಟ್ಟಿಯಲ್ಲಿ ಒಂದು ಆಧಾರ್ ಸಂಖ್ಯೆಗೆ ಒಂದೇ ಬ್ಯಾಂಕ್ ಇರುತ್ತದೆ. ಎಷ್ಟು ಖಾತೆಗಳಿದ್ದರೂ ಹಣ ಹೋಗುವುದು ಕೊನೆಯದಾಗಿ ಜೋಡಣೆಯಾದ ಖಾತೆಗೆ. ಆಟೋ ಚಾಲಕರ ಮಗಳ ವಿಷಯದಲ್ಲಿ ನಡೆದದ್ದು ಇದೇ. ಆಧಾರ್‌ನ ಜಾಲತಾಣದಲ್ಲಿ ಒಟಿಪಿಯ ಸಹಾಯದಿಂದ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು ಎರಡು ನಿಮಿಷದಲ್ಲಿ ನೋಡಬಹುದು. ಇಂದು ರಾತ್ರಿ ಮನೆಗೆ ಹೋದೊಡನೆ ಇದನ್ನು ನೋಡಿ.

ಖಾತೆ ಚಾಲ್ತಿಯಲ್ಲಿದೆಯೇ ಎಂಬುದನ್ನೂ ಪರೀಕ್ಷಿಸಿ. ಬಹುಕಾಲ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗಿರುತ್ತದೆ. ನಮ್ಮ ರಾಜ್ಯದವರಿಗೆ ಇನ್ನೊಂದು ತೊಡಕಿದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲೂ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲೂ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲೂ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿನಲ್ಲೂ ವಿಲೀನಗೊಂಡವು. ತಂದೆಯ ಕಪಾಟಿನಲ್ಲಿರುವ ಹಳೆಯ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ಸಂಖ್ಯೆ ಈಗ ನಡೆಯುವುದಿಲ್ಲ. ಹೊಸ ಪಾಸ್‌ಬುಕ್ ಮಾಡಿಸಿಕೊಂಡು ಅದರಲ್ಲಿರುವ ಸಂಖ್ಯೆಯನ್ನೇ ಬಳಸಿ.

ನಾಲ್ಕನೆಯದು ಸೈಬರ್ ಅಂಗಡಿ. ಅಂಗಡಿಯವರು ಅನೇಕ ಸಂದರ್ಭಗಳಲ್ಲಿ ಉಪಕಾರವನ್ನೇ ಮಾಡುತ್ತಾರೆ. ಆದರೆ ಕೊನೆಯ ವಾರದ ನೂಕುನುಗ್ಗಲಿನಲ್ಲಿ ಅವರು ತಮ್ಮದೇ ಮೊಬೈಲ್ ಸಂಖ್ಯೆಯನ್ನೂ ತಮ್ಮದೇ ಗುಪ್ತಪದವನ್ನೂ ಹಾಕಿಬಿಡುತ್ತಾರೆ. ಅರ್ಜಿಯಲ್ಲಿ ದೋಷವಿದೆ, ಸರಿಪಡಿಸಿ ಎಂಬ ಸೂಚನೆ ಬಂದರೆ ಅದು ಅಂಗಡಿಯ ಫೋನಿಗೆ ಬಂದು ಅಲ್ಲೇ ಸಾಯುತ್ತದೆ. ಮಕ್ಕಳೇ, ನೀವು ಪದವಿ ಓದುತ್ತಿರುವವರು. ನಿಮ್ಮ ಅರ್ಜಿಯನ್ನು ನೀವೇ ತುಂಬಿ. ಅಂಗಡಿಯಲ್ಲಿ ತುಂಬಿಸಿದರೂ ಪಕ್ಕದಲ್ಲಿ ಕುಳಿತು ಪ್ರತಿ ಸಾಲನ್ನೂ ಓದಿ. ಅರ್ಜಿ ಸಂಖ್ಯೆ, ಗುಪ್ತಪದ, ರಾಷ್ಟ್ರೀಯ ಪೋರ್ಟಲ್‌ನ ಹದಿನಾಲ್ಕು ಅಂಕಿಗಳ ನೋಂದಣಿ ಸಂಖ್ಯೆ, ಇವೆಲ್ಲವನ್ನೂ ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ.

ಐದನೆಯದು ಕಾಲೇಜಿನ ಪರಿಶೀಲನೆ ಮತ್ತು ನವೀಕರಣ. ಕೊನೆಯ ದಿನಾಂಕದೊಳಗೆ ಕಾಲೇಜು ದೃಢೀಕರಿಸದಿದ್ದರೆ ನಿಮ್ಮ ಅರ್ಜಿ ಎಷ್ಟೇ ಸರಿಯಾಗಿದ್ದರೂ ಬಿದ್ದುಹೋಗುತ್ತದೆ. ಆದುದರಿಂದ ಅರ್ಜಿಯ ಪ್ರತಿಯನ್ನು ಕಾಲೇಜಿನಲ್ಲಿ ಕೊಟ್ಟು, ವಾರಕ್ಕೊಮ್ಮೆ ಪೋರ್ಟಲ್‌ನಲ್ಲಿ ಸ್ಥಿತಿಯನ್ನು ನೋಡಿ. ಮುಂದುವರಿಯದಿದ್ದರೆ ವಿನಯದಿಂದ ಕೇಳಿ, ಉತ್ತರ ಬರದಿದ್ದರೆ ಲಿಖಿತವಾಗಿ ಕೇಳಿ. ಮೊದಲ ವರ್ಷ ಬಂದ ವಿದ್ಯಾರ್ಥಿವೇತನ ಎರಡನೆಯ ವರ್ಷ ತಾನಾಗಿ ಬರುವುದಿಲ್ಲ. ನವೀಕರಣಕ್ಕೆ ಮತ್ತೆ ಅರ್ಜಿ ಸಲ್ಲಿಸಬೇಕು.

ತಂದೆಯನ್ನು ಕಳೆದುಕೊಂಡ ಮಕ್ಕಳ ಪೋಷಕರಿಗೆ ವಿಶೇಷವಾಗಿ ಹೇಳುತ್ತೇವೆ. ಮರಣ ಪ್ರಮಾಣಪತ್ರವನ್ನು ಪಡೆದು ಸಿದ್ಧವಾಗಿಟ್ಟುಕೊಳ್ಳಿ. ಅದಿಲ್ಲದೆ ತೀರಿಹೋದ ತಂದೆಯ ಆಧಾರ್ ಮತ್ತು ಆದಾಯದ ಪ್ರಶ್ನೆಗೆ ಆ ಮಗು ಪ್ರತಿ ವರ್ಷವೂ ಉತ್ತರಿಸುತ್ತಾ ನಿಲ್ಲಬೇಕಾಗುತ್ತದೆ.

ಇಷ್ಟೆಲ್ಲ ತಾಂತ್ರಿಕ ವಿಷಯಗಳ ನಡುವೆ ಒಂದು ನೈತಿಕ ವಿಷಯವನ್ನು ಹೇಳದೆ ಹೋದರೆ ನಾವು ತಪ್ಪಿತಸ್ಥರಾಗುತ್ತೇವೆ. ಕೇಂದ್ರದ ವೃತ್ತಿಶಿಕ್ಷಣದ ಯೋಜನೆಯಲ್ಲಿ ವಸತಿನಿಲಯದಲ್ಲಿರುವವರಿಗೆ ವರ್ಷಕ್ಕೆ 10,000 ರೂಪಾಯಿ, ಮನೆಯಿಂದ ಹೋಗುವವರಿಗೆ 5,000 ರೂಪಾಯಿ ನಿರ್ವಹಣಾ ವೆಚ್ಚವೆಂದಿತ್ತು. ಮನೆಯಲ್ಲಿದ್ದುಕೊಂಡೇ ವಸತಿನಿಲಯವೆಂದು ಬರೆಯಿಸಿಕೊಂಡವರು ನಮ್ಮಲ್ಲೂ ಇದ್ದಾರೆ. ಎರಡಂತಸ್ತಿನ ಮನೆಯವರು ಕಡಿಮೆ ಆದಾಯದ ಪ್ರಮಾಣಪತ್ರ ಪಡೆದ ಉದಾಹರಣೆಗಳೂ ಇವೆ. ಇದು ಸರಕಾರಕ್ಕೆ ಮಾಡುವ ಮೋಸವೆಂದು ಮಾತ್ರ ತಿಳಿಯಬೇಡಿ. ಹಣ ಸೀಮಿತವಾಗಿದೆ. ನೀವು ಸುಳ್ಳು ಹೇಳಿ ಪಡೆದ ಪಾಲು ನಿಮ್ಮದೇ ಬೀದಿಯ ಯಾವುದೋ ವಿಧವೆಯ ಮಗನ ಪಾಲು. ವಂಚನೆಯ ಸುದ್ದಿ ಬಂದಾಗ ಇಡೀ ಸಮುದಾಯ ತಲೆ ತಗ್ಗಿಸಬೇಕಾಗುತ್ತದೆ, ಯೋಜನೆಯನ್ನು ನಿಲ್ಲಿಸಲು ಕಾಯುತ್ತಿರುವವರಿಗೆ ನೆಪವೂ ಸಿಗುತ್ತದೆ.

ಸಾಲದ ವಿಷಯದಲ್ಲೂ ಇದೇ ಎಚ್ಚರ ಬೇಕು. ವೃತ್ತಿಶಿಕ್ಷಣ ಪಡೆಯುವವರಿಗೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಯೋಜನೆ ಇದೆ. ಅರಿವು ಎಂಬ ಹೆಸರು ಕೇಳಿ ಅದನ್ನೂ ವಿದ್ಯಾರ್ಥಿವೇತನವೆಂದೇ ಭಾವಿಸಿದವರಿದ್ದಾರೆ. ಅದು ಸಾಲ, ಮರಳಿಸಬೇಕಾದದ್ದು. ಒಪ್ಪಂದಪತ್ರಕ್ಕೆ ಸಹಿ ಹಾಕುವ ಮೊದಲು ಓದಿ, ಪ್ರತಿಯನ್ನು ಇಟ್ಟುಕೊಳ್ಳಿ. ಕುರ್‌ಆನಿನ ಅತಿ ದೀರ್ಘ ಸೂಕ್ತ ಸಾಲವನ್ನು ಬರೆದಿಡುವ ಬಗ್ಗೆ ಇರುವುದೆಂದು ನಮ್ಮಲ್ಲಿ ಅನೇಕರಿಗೆ ತಿಳಿದಿದೆ. ದಾಖಲೆಯನ್ನು ಅಷ್ಟೊಂದು ಮಹತ್ವದಿಂದ ಕಾಣುವ ಗ್ರಂಥವನ್ನು ಓದುವವರ ಮನೆಯಲ್ಲಿ ಮಕ್ಕಳ ಅಂಕಪಟ್ಟಿ ಅಕ್ಕಿ ಡಬ್ಬದ ಕೆಳಗಿರುವುದು ಶೋಭೆಯೇ?

ಹಾಗೆಂದು ಎಲ್ಲ ತಪ್ಪನ್ನೂ ಬಡವರ ಮೇಲೆ ಹೊರಿಸಿ ಸರಕಾರವನ್ನು ಬಿಟ್ಟುಬಿಡುವುದು ನ್ಯಾಯವಲ್ಲ. ದಾಖಲೆಗಳಲ್ಲಿರುವ ತಪ್ಪುಗಳಲ್ಲಿ ಬಹಳಷ್ಟು ಸರಕಾರಿ ಕಚೇರಿಯ ಕಂಪ್ಯೂಟರಿನಲ್ಲೇ ಹುಟ್ಟಿದವು. ಅದನ್ನು ಸರಿಪಡಿಸಲು ಕೂಲಿ ಕಳೆದುಕೊಂಡು ಸಾಲಿನಲ್ಲಿ ನಿಲ್ಲುವವರು ಮಾತ್ರ ನಾವು. ಶುಲ್ಕ ಕಟ್ಟುವ ದಿನ ಒಂದು, ವಿದ್ಯಾರ್ಥಿವೇತನ ಬರುವ ದಿನ ಇನ್ನೊಂದು. ಈ ಎರಡು ದಿನಗಳ ನಡುವಿನ ಕಂದಕಕ್ಕೆ ಬಿದ್ದು ಎಷ್ಟು ಮಕ್ಕಳು ಓದು ಬಿಟ್ಟರೆಂದು ಯಾರು ಲೆಕ್ಕವಿಟ್ಟಿದ್ದಾರೆ? ನಮ್ಮ ಜನಪ್ರತಿನಿಧಿಗಳು ಚುನಾವಣೆಯ ಸಮಯದಲ್ಲಿ ಶಾಲು ಹೊದಿಸಿಕೊಳ್ಳಲು ಬರುತ್ತಾರೆ. ಅವರನ್ನು ನಾವು ಕೇಳಬೇಕಾದ ಪ್ರಶ್ನೆ ಇದು: ನಮ್ಮ ತಾಲೂಕಿನಲ್ಲಿ ಈ ವರ್ಷ ಎಷ್ಟು ಅರ್ಜಿಗಳು ಬಂದವು, ಎಷ್ಟು ಮಂಜೂರಾದವು, ಎಷ್ಟು ತಿರಸ್ಕೃತವಾದವು, ಯಾವ ಕಾರಣಕ್ಕೆ? 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಈ ಅಂಕಿಅಂಶಗಳನ್ನು ನಾವೂ ಕೇಳಬಹುದು, ಕೇಳಬೇಕು.

ಸಮುದಾಯದ ಪಾಲಿಗೆ ಮೂರು ಕೆಲಸಗಳಿವೆ. ಒಂದು, ಪ್ರತಿಯೊಂದು ಜಮಾಅತ್‌ನಲ್ಲಿ ಶಾಲೆ ಆರಂಭವಾಗುವ ಜೂನ್ ತಿಂಗಳಲ್ಲೇ ದಾಖಲೆ ಪರಿಶೀಲನೆ ನಡೆಯಲಿ. ಅರ್ಜಿ ಕರೆಯುವವರೆಗೆ ಕಾಯುವುದು ಬೇಡ. ಒಂದು ಮೇಜು, ಒಂದು ಕಂಪ್ಯೂಟರ್, ಇಬ್ಬರು ಪದವಿ ವಿದ್ಯಾರ್ಥಿಗಳಿದ್ದರೆ ಸಾಕು. ಎರಡು, ಒಂಬತ್ತನೆಯ ತರಗತಿಯ ಮಕ್ಕಳ ಪಟ್ಟಿ ಮಾಡಿ ಅವರ ಹೆಸರುಗಳನ್ನು ಮೊದಲು ಸರಿಪಡಿಸಿ. ಮೂರು, ವಿದ್ಯಾರ್ಥಿವೇತನ ಬರುವವರೆಗೆ ಶುಲ್ಕ ಕಟ್ಟಲು ಕೈಸಾಲ ನೀಡುವ ಸಣ್ಣ ನಿಧಿಯೊಂದು ಇರಲಿ. ಮದುವೆಯ ಒಂದು ದಿನದ ಊಟಕ್ಕೆ ನಾವು ಸುರಿಯುವ ಹಣದಲ್ಲಿ ಇಂತಹ ನಿಧಿ ಹಲವು ವರ್ಷ ನಡೆಯಬಲ್ಲದು.

ಕೊನೆಯ ಮಾತು. ಆ ಆಟೋ ಚಾಲಕರ ಮಗಳು ಮತ್ತೆ ಕಾಲೇಜಿಗೆ ಹೋಗಲಿಲ್ಲ. ನಾವು ಒತ್ತಾಯಿಸಿದೆವು. ಇನ್ನೂ ಒತ್ತಾಯಿಸುತ್ತಲೇ ಇದ್ದೇವೆ. ಈ ನಡುವೆ ಅವಳ ತಂಗಿ ಪಿಯುಸಿಗೆ ಸೇರಿದಳು. ತಂಗಿಯ ಆಧಾರ್, ಅಂಕಪಟ್ಟಿ, ಆರ್‌ಡಿ ಸಂಖ್ಯೆ, ಖಾತೆಯ ಜೋಡಣೆ ಎಲ್ಲವನ್ನೂ ಅಕ್ಕನೇ ಕುಳಿತು ಒಂದೊಂದಾಗಿ ನೋಡಿದಳು. ಈಗ ಅವಳು ಭಾನುವಾರಗಳಂದು ನಮ್ಮ ಮೇಜಿನ ಬಳಿ ಬಂದು ಕುಳಿತುಕೊಳ್ಳುತ್ತಾಳೆ. ಅರ್ಜಿ ಹಿಡಿದು ಬರುವ ಪ್ರತಿ ಹುಡುಗಿಯನ್ನೂ ಅವಳು ಮೊದಲು ಕೇಳುವುದು ಒಂದೇ ಪ್ರಶ್ನೆ: ನಿನ್ನ ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ, ನೋಡಿದ್ದೀಯಾ?

ಆ ಪ್ರಶ್ನೆಯನ್ನು ಇಂದು ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇವೆ. ಮುಂದಿನ ಭಾನುವಾರ ದಾಖಲೆಗಳೊಂದಿಗೆ ಬನ್ನಿ.